ಬಸ್ಸು ನಿಂತಾಗ ತಪ್ಪಿದ ಗುಳಿಗೆ

2020ರ ಮಾರ್ಚ್ 25 ಯುಗಾದಿ. ದೇಶಕ್ಕೆ ಬೀಗ ಬಿದ್ದದ್ದೂ ಅಂದೇ. ಕಾಲಕಾಲೇಶ್ವರನ ಜಾತ್ರೆಯ ದಾರಿ ಕಾಯುತ್ತಿದ್ದ ಗದಗ ಜಿಲ್ಲೆಯ ಗಜೇಂದ್ರಗಡ ಸೀಮೆಯಲ್ಲಿ ಜಾತ್ರೆ, ಸಂತೆ, ಬಸ್ಸು ಎಲ್ಲ ಒಮ್ಮೆಗೇ ನಿಂತವು. ಆ ದಿನಗಳ ಸೋಂಕು, ಸಾವು, ಗುಳೆ ಹೋದವರ ಪಾಡು ಸಾಕಷ್ಟು ದಾಖಲಾಗಿದೆ. ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಯೊಡನೆ ಬದುಕುವವರ ಪಾಡು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ಸಲ ಖಿನ್ನತೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಅದು ಮತ್ತೆ ಬರುತ್ತದೆ. ಎರಡು ಮೂರು ಸಲ ಬಂದವರಿಗೆ ಆ ಸಂಭವ ಇನ್ನೂ ಹೆಚ್ಚು. ಅದಕ್ಕೇ ಅಂಥವರಿಗೆ ಮನಸ್ಸು ತಿಳಿಯಾದ ಮೇಲೂ ಎರಡು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಗುಳಿಗೆ ಬಿಡಬೇಡಿ ಎನ್ನುತ್ತಾರೆ ವೈದ್ಯರು. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕಳವಳ. ಬೇನೆ ಮರಳುವ ಭಯ ಬೇರೆ. ನಮ್ಮ ಕಡೆ ಈ ಗುಳಿಗೆ ಬಹಳಷ್ಟು ಜನರಿಗೆ ಬಸ್ಸಿನಲ್ಲೇ ಬರಬೇಕು. ಗಜೇಂದ್ರಗಡದಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನೂರು ಕಿಲೋಮೀಟರಿಗೂ ಮಿಕ್ಕಿ ದೂರ, ರೋಣದವರಿಗೂ ಹತ್ತಿರವೇನಲ್ಲ. ನರಗುಂದದವರಿಗೆ ಅರ್ಧ ದಾರಿ ಉಳಿಯುತ್ತದೆ, ಅಷ್ಟೆ. ಗುರುತಿನವರು ನೋಡಿಯಾರೆಂದು ಬೇಕೆಂದೇ ದೂರದೂರಿಗೆ ಹೋಗಿಬರುವವರೂ ಇದ್ದಾರೆ. ಬಸ್ಸು ನಿಂತಾಗ ಆ ಮರೆಯೂ ಹೋಯಿತು. ನಾಕಾಬಂದಿಯಲ್ಲಿ ಯಾವ ಆಸ್ಪತ್ರೆ, ಯಾಕೆ ಎಂದು ಹೇಳಬೇಕಿತ್ತು. ಸಕ್ಕರೆ ಕಾಯಿಲೆಯ ಚೀಟಿ ತೋರಿಸಲು ಯಾರೂ ಅಂಜುವುದಿಲ್ಲ. ಈ ಚೀಟಿ ತೋರಿಸಲು ಎದೆ ಬೇಕು. ಮನೆಯೊಳಗೇ ‘ಹುಚ್ಚರ ದವಾಖಾನಿ’ ಎಂಬ ಮಾತು ಇನ್ನೂ ಹೋಗಿಲ್ಲ.

ಗುಳಿಗೆಯಷ್ಟೇ ಮುಖ್ಯವಾದದ್ದು ದಿನದ ಕ್ರಮ. ಹೊತ್ತಿಗೆ ಏಳುವುದು, ಹೊಲಕ್ಕೆ ಹೋಗುವುದು, ಸಂಜೆ ಕಟ್ಟೆಗೆ ಬಂದು ಕೂಡುವುದು. ಗಜೇಂದ್ರಗಡದ ನೇಕಾರನಿಗೆ ಮಗ್ಗದ ಸದ್ದೇ ಆ ಕ್ರಮ. ನೂಲು ಬರದೆ, ನೇಯ್ದ ಪಟ್ಟೇದಂಚು ಸೀರೆ ಹೋಗದೆ ಮಗ್ಗ ನಿಂತರೆ ನಿಲ್ಲುವುದು ಗಳಿಕೆಯೊಂದೇ ಅಲ್ಲ. ಸರ್ಕಾರ ನೇಕಾರ ಸಮ್ಮಾನ್ ಎಂದು 2,000 ರೂಪಾಯಿ ಘೋಷಿಸಿತು. ಹಗಲು ತುಂಬುವ ಕೆಲಸವನ್ನು ಅದು ತಂದುಕೊಡಲಾರದು.

ಪಿಡುಗಿನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಖಿನ್ನತೆ ಮತ್ತು ಆತಂಕ ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಮಾತ್ರ ಬೇರೆಯೇ ಸಂಗತಿ ಕಂಡಿತು: ಮೊದಲಿಂದ ತೀವ್ರ ಖಿನ್ನತೆ ಇದ್ದವರ ಯಾತನೆ ಎಲ್ಲರಿಗಿಂತ ಹೆಚ್ಚೇ ಇತ್ತು, ಆದರೆ ಆ ತಿಂಗಳುಗಳಲ್ಲಿ ಅದು ಇನ್ನಷ್ಟು ಏರಲಿಲ್ಲ. ಎಲ್ಲರೂ ಮನೆಯಲ್ಲಿ ಕೂತಾಗ ‘ಯಾಕ ಹೊರಗ ಬರಂಗಿಲ್ಲ?’ ಎಂದು ಕೇಳುವವರು ಕಡಿಮೆಯಾಗುತ್ತಾರೆ. ಅದೂ ಒಂದು ಸಮಾಧಾನವೇ. ಆದರೆ ಆ ಫಲಿತಾಂಶವನ್ನು ನಮ್ಮ ತಾಲೂಕುಗಳಿಗೆ ಹಾಗೇ ತಂದು ಹಚ್ಚಲು ನಾನು ಒಪ್ಪುವುದಿಲ್ಲ. ಗುಳಿಗೆ ಮನೆ ಬಾಗಿಲಿಗೆ ಬರುವ ನಾಡಿನ ಮಾತು ಬೇರೆ.

ದಾರಿಗಳು ಇಲ್ಲದಿಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ‘ಮನೋಚೈತನ್ಯ’ 2014ರಿಂದ ಇದೆ. ಫೋನಿನಲ್ಲೇ ವೈದ್ಯರು ನೋಡಿ ಔಷಧಿ ಬರೆದುಕೊಡುವ ನಿಯಮ ಹೊರಬಿದ್ದದ್ದು ಅದೇ ಯುಗಾದಿಯಂದು. 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಲದ್ದು ಊರಲ್ಲೇ ಗುಳಿಗೆಯ ದಾಸ್ತಾನು. ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ದವಾಖಾನೆಗಳಲ್ಲಿ ಈ ಔಷಧಿ ಮೂರು ತಿಂಗಳಿಗಾಗುವಷ್ಟು ಸದಾ ಇರಬೇಕು, ಆಶಾ ಕಾರ್ಯಕರ್ತೆಯ ಕೈಯಲ್ಲಿ ಮನೆ ತಲುಪಬೇಕು. ಮುಂದಿನ ಬೀಗ ಬೀಳುವ ಮೊದಲೇ ಇದಾಗಲಿ ಎಂದು ಜಿಲ್ಲಾಡಳಿತವನ್ನು ಕೇಳುತ್ತೇವೆ. ಓದುಗರೂ ತಮ್ಮ ತಮ್ಮ ಊರಿಂದ ಕೇಳಬೇಕು.