ಸೀಟು ಬಿಚ್ಚಿಸಿ ಚಾಸಿ ನೋಡಿ
ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹಳೇ ಬೈಕಿನ ಚರ್ಚೆ ಏಳುತ್ತದೆ: ರಿಪೇರಿಯೋ, ಹೊಸದೋ? ಎಲ್ಲರೂ ಮೊದಲು ಎಂಜಿನ್ ಹೇಗಿದೆ ಅಂತ ಕೇಳುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬೋರ್ ಮಾಡಿಸಿ ಪಿಸ್ಟನ್, ಕ್ಲಚ್ ಪ್ಲೇಟು, ಚೈನ್ ಸೆಟ್ ಬದಲಿಸಿದರೆ 1994ರಲ್ಲಿ ಬಂದ ಸ್ಪ್ಲೆಂಡರ್‌ನಂಥ ಗಾಡಿ ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ. ಬಿಡಿಭಾಗ ಸಣ್ಣ ಪೇಟೆಯಲ್ಲೂ ಸಿಗುತ್ತದೆ. ಆದರೆ ಹುಲಿಕಲ್, ಆಗುಂಬೆಯ ಮಳೆ ಬೀಳುವ ಸೀಮೆಯಲ್ಲಿ ಬೈಕನ್ನು ಕೊಲ್ಲುವುದು ತುಕ್ಕು. ಸೀಟು ಬಿಚ್ಚಿಸಿ, ಚಾಸಿಯ ಬೆಸುಗೆಗಳನ್ನೂ ಸ್ವಿಂಗ್ ಆರ್ಮ್ ಕೂರುವ ಜಾಗವನ್ನೂ ಸ್ಕ್ರೂಡ್ರೈವರಿನಿಂದ ಕುಟ್ಟಿಸಿ ನೋಡಿ. ಕಬ್ಬಿಣ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂದರೆ ಆ ಗಾಡಿಗೆ ಇನ್ನೊಂದು ರೂಪಾಯಿ ಹಾಕಬೇಡಿ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಘಾಟಿ ಇಳಿಯುವವರು ನೀವು. ಚಾಸಿ ಗಟ್ಟಿಯಿದ್ದರೆ ಲೆಕ್ಕವೇ ಬೇರೆ. 15 ವರ್ಷ ತುಂಬಿದಾಗ ತಪಾಸಣೆ, ನೋಂದಣಿ ನವೀಕರಣ, ಹಸಿರು ತೆರಿಗೆ ಇದ್ದೇ ಇವೆ, ಆದರೂ ಹೊಸ ಗಾಡಿಯ ಬೆಲೆಯ ಮುಂದೆ ಅವು ಸಣ್ಣವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಥಂಡಿ ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗುತ್ತದೆ, ಹೊಗೆಯೂ ಕಡಿಮೆ, ಒಳ್ಳೆಯದೇ. ಆದರೆ ನಿಟ್ಟೂರಿನಾಚೆ ಎಲ್ಲೋ ಸೆನ್ಸರ್ ಕೈಕೊಟ್ಟರೆ ಊರಿನ ಮೆಕ್ಯಾನಿಕ್ ಜೆಟ್ ಊದಿ ಓಡಿಸಿಕೊಡುವ ಹಾಗಿಲ್ಲ, ಸ್ಕ್ಯಾನರ್ ಇರುವ ಪೇಟೆಗೆ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಬೇಕು. ತುಕ್ಕು ಹಿಡಿಯದ ಗಾಡಿಯನ್ನು ಮಾರಿ ಸಾಲದ ಕಂತು ಹೊತ್ತುಕೊಳ್ಳಬೇಡಿ. ಬ್ರೇಕ್ ಶೂ, ಟೈರು, ವೈರಿಂಗ್ ಮೇ ತಿಂಗಳಲ್ಲೇ ಹೊಸದು ಹಾಕಿಸಿ. ಮಳೆ ಹಿಡಿದ ಮೇಲೆ ಗ್ಯಾರೇಜಿನಲ್ಲಿ ಸರದಿ ಸಿಗುವುದು ಕಷ್ಟ.