ಪಡಿತರದಲ್ಲಿ ರಾಗಿಯೂ ಇರಲಿ



1876–78ರ ಬರದಲ್ಲಿ ಮೈಸೂರೂ ಮದ್ರಾಸ್ ಪ್ರಾಂತ್ಯವೂ ಒಟ್ಟಿಗೇ ಹಸಿದವು. ಆ ಸಾವುನೋವಿನ ಬಳಿಕ ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿದ ಪೆರಿಯಾರ್ ಅಣೆಕಟ್ಟು 1895ರಲ್ಲಿ ಮುಗಿದು, ನಮ್ಮ ತೇನಿ ಜಿಲ್ಲೆಯ ಕಂಬಂ ಕಣಿವೆಯ ಭತ್ತಕ್ಕೆ ನೀರಾಯಿತು. ಇಂದು ತಮಿಳುನಾಡಿನ ಪಡಿತರ ಅಂಗಡಿ ಅಕ್ಕಿಯನ್ನು ಉಚಿತವಾಗಿಯೇ ಕೊಡುತ್ತದೆ. ಹಸಿವು ತಗ್ಗಿದ್ದು ನಿಜ. ಆದರೆ ನಾಲೆ ನೀರು ಕಾಣದ ಖುಷ್ಕಿ ಹೊಲದಲ್ಲಿ ರಾಗಿ, ಸಜ್ಜೆ ಬೆಳೆದು ಉಂಡವರು ನಾವು, ಇಲ್ಲಿನ ಕನ್ನಡ ಮಾತಿನ ಒಕ್ಕಲು ಮನೆಗಳವರು. ಪುಕ್ಕಟೆ ಅಕ್ಕಿಯ ಮುಂದೆ ಆ ಬೆಳೆಯನ್ನು ಕೇಳುವವರಾರು? 2023ರಲ್ಲಿ ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ 2 ಕಿಲೋ ಅಕ್ಕಿಯ ಬದಲು ರಾಗಿ ಕೊಡಲು ಸರ್ಕಾರ ಶುರುಮಾಡಿತು. ತೇನಿ, ದಿಂಡಿಗಲ್ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಲಿ. ರಾಗಿಯನ್ನು ಇಲ್ಲಿನ ರೈತರಿಂದಲೇ ಬೆಂಬಲ ಬೆಲೆಗೆ ಕೊಳ್ಳಲಿ.

– ಒಬ್ಬ ರೈತ, ಹನುಮಂತನಪಟ್ಟಿ, ತೇನಿ ಜಿಲ್ಲೆ