ಜೈಪುರಕ್ಕೂ ಮೊದಲು ಈ ಹರಳು ಎಲ್ಲಿತ್ತು?

ನನ್ನ ತಂಗಿ ಹುಟ್ಟಿದ್ದು ಡಿಸೆಂಬರಿನಲ್ಲಿ. ಈ ಸಲ ಏನು ಬೇಕೇ ಅಂತ ಕೇಳಿದ್ದಕ್ಕೆ ಮಾತಾಡದೆ ಒಂದು ಲಿಂಕ್ ಕಳಿಸಿದಳು. ಬೆಳ್ಳಿಯ ಪೆಂಡೆಂಟ್, ನಡುವೆ ನೀಲಿಯೂ ಅಲ್ಲದ ನೇರಳೆಯೂ ಅಲ್ಲದ ಒಂದು ಪುಟ್ಟ ಹರಳು. ಹೆಸರು ಟಾಂಜನೈಟ್. ಡಿಸೆಂಬರಿನಲ್ಲಿ ಹುಟ್ಟಿದವರ ಬರ್ತ್‌ಸ್ಟೋನ್ ಅಂತೆ. ಅಮ್ಮ ಫೋನ್ ಇಸಕೊಂಡು ನೋಡಿ, "ನವರತ್ನದಲ್ಲೇ ಇಲ್ಲದ ಹರಳು, ಇದನ್ನ ಹಾಕ್ಕೊಂಡು ಏನು ಬಂತು?" ಅಂದರು. ಅಮ್ಮನ ಮಾತು ನಿಜವೇ. ಟಾಂಜನೈಟ್ ಜಗತ್ತಿಗೆ ಗೊತ್ತಾಗಿದ್ದೇ 1967ರಲ್ಲಿ. ಅದು ಬರ್ತ್‌ಸ್ಟೋನ್ ಪಟ್ಟಿಗೆ ಸೇರಿದ್ದು 2002ರಲ್ಲಿ, ಅಮೆರಿಕದ ಹರಳು ವ್ಯಾಪಾರಿಗಳ ಸಂಘ ಸೇರಿಸಿದ್ದರಿಂದ.

ಆ ಪೇಜಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ಸಂಗತಿ. ಒಂದು, ಹಸಿರು ಎಲೆಯ ಗುರುತಿನ ಪಕ್ಕದಲ್ಲಿ 'ಎಥಿಕಲಿ ಸೋರ್ಸ್ಡ್', ಅಂದರೆ ಯಾರಿಗೂ ಅನ್ಯಾಯ ಮಾಡದೆ ತಂದದ್ದು ಅನ್ನುವ ಭರವಸೆ. ಇನ್ನೊಂದು, ಕೆಳಗಿದ್ದ ಪುಟ್ಟ ಕಥೆ: ಆಫ್ರಿಕಾದ ಹುಲ್ಲುಗಾವಲಿಗೆ ಸಿಡಿಲು ಬಡಿದು ಬೆಂಕಿ ಬಿತ್ತು, ನೆಲದ ಮೇಲಿದ್ದ ಕಂದು ಕಲ್ಲುಗಳು ಆ ಶಾಖಕ್ಕೆ ನೀಲಿಯಾದವು, ದನ ಮೇಯಿಸುತ್ತಿದ್ದ ಮಾಸಾಯಿ ಜನ ಅವನ್ನು ಕಂಡರು.

ನನಗೊಂದು ಚಾಳಿ. ನಮ್ಮ ಕೆಲಸದಲ್ಲಿ ಯಾರೋ ಬರೆದ ಲೈಬ್ರರಿಯನ್ನ ನಮ್ಮ ಕೋಡಿಗೆ ಸೇರಿಸುವ ಮುಂಚೆ, ಅದು ಇನ್ನು ಯಾವ ಯಾವುದರ ಮೇಲೆ ನಿಂತಿದೆ ಅಂತ ಒಂದು ಕಮಾಂಡ್ ಕೊಟ್ಟು ನೋಡುತ್ತೇವೆ. ಬುಡದವರೆಗೂ ಪಟ್ಟಿ ಬಿಚ್ಚಿಕೊಳ್ಳುತ್ತೆ. ಅದೇ ಅಭ್ಯಾಸದಲ್ಲಿ ಶನಿವಾರ ಚಿಕ್ಕಪೇಟೆಯ ಒಂದು ಹರಳಿನ ಅಂಗಡಿಗೆ ಹೋಗಿ ಟಾಂಜನೈಟ್ ಇದೆಯಾ ಅಂತ ಕೇಳಿದೆ. ಯಜಮಾನರು ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದರು.

"ಇದು ಎಲ್ಲಿಂದ ಬರುತ್ತೆ ಸಾರ್?"

"ಜೈಪುರ."

"ಅದಕ್ಕೂ ಮೊದಲು?"

"ಅದಕ್ಕೂ ಮೊದಲು ಭೂಮಿಯಿಂದ ಸಾರ್," ಅಂದು ನಕ್ಕರು.

ಅವರು ಹೇಳಿದ್ದು ತಪ್ಪೇನಲ್ಲ. ಜಗತ್ತಿನ ಟಾಂಜನೈಟಿನಲ್ಲಿ ದೊಡ್ಡ ಪಾಲಿಗೆ ಸಾಣೆ ಹಿಡಿಯುವುದು ಜೈಪುರದಲ್ಲೇ. ಆದರೆ ಆ 'ಭೂಮಿ' ಇರುವುದು ಒಂದೇ ಒಂದು ಕಡೆ. ಉತ್ತರ ತಾಂಜಾನಿಯಾದಲ್ಲಿ, ಕಿಲಿಮಾಂಜಾರೋ ಬೆಟ್ಟದ ಹತ್ತಿರ, ಸಿಮಾಂಜಿರೋ ಜಿಲ್ಲೆಯ ಮೆರೆರಾನಿ ಎಂಬಲ್ಲಿ. ಕೆಲವೇ ಕಿಲೋಮೀಟರ್ ಉದ್ದದ ಒಂದು ಪಟ್ಟಿ, ಅಷ್ಟೇ. ಸುತ್ತಲೂ ಮಾಸಾಯಿಗಳು ತಲೆಮಾರುಗಳಿಂದ ದನ ಮೇಯಿಸಿಕೊಂಡು ಬಂದ ನೆಲ.

ಇದನ್ನು ಮೊದಲು ಕಂಡವರು ಯಾರು ಅನ್ನುವುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ತಾಂಜಾನಿಯಾ ಸರ್ಕಾರ ಒಪ್ಪಿರುವ ಹೆಸರು ಜುಮಾನ್ನೆ ಎಂಗೋಮಾ. 1967ರಲ್ಲಿ ಕಲ್ಲು ಕಂಡವರು. ಅದೇ ವರ್ಷ ಆ ಜಾಗವನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡವರು ಅರೂಷಾ ಪಟ್ಟಣದಲ್ಲಿದ್ದ ಮ್ಯಾನುಯೆಲ್ ಡಿಸೋಜಾ. ಹೆಸರು ನೋಡಿದರೆ ಗೊತ್ತಾಗುತ್ತಲ್ಲ, ನಮ್ಮ ಪಕ್ಕದ ಗೋವಾ ಮೂಲದವರು. ವೃತ್ತಿಯಲ್ಲಿ ಟೈಲರ್, ಬಿಡುವಿದ್ದಾಗ ಖನಿಜ ಹುಡುಕುತ್ತಾ ಅಲೆಯುವ ಹುಚ್ಚು. ಎರಡೇ ವರ್ಷದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹೆಸರು ಕೊಟ್ಟಿದ್ದು ಮಾತ್ರ ನ್ಯೂಯಾರ್ಕಿನ ಟಿಫನಿ ಕಂಪನಿ. ವಿಜ್ಞಾನಿಗಳ ಬಾಯಲ್ಲಿ ಇದು 'ಬ್ಲೂ ಝೋಯಿಸೈಟ್'. ಕೇಳುವುದಕ್ಕೆ 'ಸೂಯಿಸೈಡ್' ಅಂದ ಹಾಗಿದೆ, ಯಾರು ಕೊಳ್ಳುತ್ತಾರೆ ಅಂತ 1968ರಲ್ಲಿ ಟಾಂಜನೈಟ್ ಅಂತ ಇಟ್ಟರು ಅನ್ನೋದು ವ್ಯಾಪಾರಿಗಳು ಹೇಳುವ ಮಾತು.

ಇನ್ನು ಆ ಸಿಡಿಲಿನ ಕಥೆ. ಕಂದು ಕಲ್ಲು ಶಾಖಕ್ಕೆ ನೀಲಿಯಾಗುವುದು ನಿಜ. ಆದರೆ ಇವತ್ತು ಮಾರುಕಟ್ಟೆಯಲ್ಲಿರುವ ಬಹುಪಾಲು ಟಾಂಜನೈಟ್ ನೀಲಿಯಾಗುವುದು ಸಿಡಿಲಿಂದಲ್ಲ, ಐನೂರು ಆರುನೂರು ಡಿಗ್ರಿಯ ಕುಲುಮೆಯಲ್ಲಿ. ಮಾಸಾಯಿಗಳ ಹೆಸರು ಕಥೆಗೆ ಬಂದಷ್ಟು ಸುಲಭವಾಗಿ ಗಣಿಯ ಕಾಗದಪತ್ರಕ್ಕೆ ಬರಲಿಲ್ಲ ಅನ್ನುವುದು ನನಗೆ ಓದುತ್ತಾ ಹೋದಂತೆ ಕಂಡದ್ದು.

1971ರಲ್ಲಿ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1990ರಲ್ಲಿ ಆ ಪಟ್ಟಿಯನ್ನು ಎ, ಬಿ, ಸಿ, ಡಿ ಅಂತ ನಾಲ್ಕು ಬ್ಲಾಕ್ ಮಾಡಿತು. ಬಿ ಮತ್ತು ಡಿ ಸಣ್ಣ ಗಣಿಗಾರರ ಜಾಗಗಳು. ಸಿ ಬ್ಲಾಕ್ ಮುಂದೆ ದಕ್ಷಿಣ ಆಫ್ರಿಕಾದ ಕಂಪನಿಯ ಕೈಗೆ ಹೋಯಿತು. ನಕ್ಷೆಯ ಮೇಲೆ ಗೆರೆ ಎಳೆಯುವುದೇನೋ ಸುಲಭ. ಆದರೆ ಹರಳಿನ ಪದರ ನೆಲದಡಿಯಲ್ಲಿ ಓರೆಯಾಗಿ ಇಳಿಯುತ್ತಾ ಹೋಗುತ್ತದೆ, ಅದಕ್ಕೆ ಬ್ಲಾಕಿನ ಗಡಿ ಗೊತ್ತಿಲ್ಲ. ಡಿ ಬ್ಲಾಕಿನವರು ಅಗೆಯುತ್ತಾ ಅಗೆಯುತ್ತಾ ಸಿ ಬ್ಲಾಕಿನೊಳಗೆ ಬಂದುಬಿಡುತ್ತಿದ್ದರು. ಕತ್ತಲಲ್ಲಿ ಎರಡು ಸುರಂಗ ಒಂದಕ್ಕೊಂದು ತೂತು ಬಿದ್ದರೆ ಅಲ್ಲಿ ಜಗಳ. ಕಂಪನಿಯ ಕಾವಲುಗಾರರಿಗೂ ಅಗೆಯುವವರಿಗೂ ವರ್ಷಗಟ್ಟಲೆ ಹೊಡೆದಾಟ ನಡೆಯಿತು.

ಅಗೆಯುವವರನ್ನು ಅಲ್ಲಿ ಸ್ವಾಹಿಲಿಯಲ್ಲಿ 'ವಾನಾಅಪೋಲೋ' ಅನ್ನುತ್ತಾರೆ. ಚಂದ್ರನ ಮೇಲೆ ಇಳಿದ ಅಪೋಲೋ ನೆನಪಾಗುವ ಹೆಸರು. ಇವರಲ್ಲಿ ಹೆಚ್ಚಿನವರಿಗೆ ಸಂಬಳವೇ ಇಲ್ಲ. ಗಣಿ ಯಜಮಾನ ಅಥವಾ ದುಡ್ಡು ಹಾಕಿದವನು ಊಟ, ಸಲಕರಣೆ, ಸಿಡಿಮದ್ದು ಕೊಡುತ್ತಾನೆ. ಹರಳು ಸಿಕ್ಕಿದರೆ ಪಾಲು. ಸಿಗದಿದ್ದರೆ ತಿಂಗಳುಗಟ್ಟಲೆ ಬರೀ ಊಟ. ಇಕ್ಕಟ್ಟಿನ ಜಾಗಕ್ಕೆ ನುಸುಳಲು ಒಂದು ಕಾಲಕ್ಕೆ ಹುಡುಗರನ್ನು ಇಳಿಸುತ್ತಿದ್ದರು, ಅವರಿಗೆ 'ನ್ಯೋಕಾ', ಅಂದರೆ ಹಾವು ಅಂತ ಹೆಸರು. 1998ರಲ್ಲಿ ಮಳೆನೀರು ಸುರಂಗಗಳಿಗೆ ನುಗ್ಗಿ ನೂರರ ಆಸುಪಾಸು ಜನ ಸತ್ತರು. 2008ರ ಮಾರ್ಚಿನಲ್ಲಿ ಮತ್ತೆ ಅದೇ ಆಯಿತು, ಅರವತ್ತಕ್ಕೂ ಹೆಚ್ಚು ಜನ ಹೋದರು.

ಹೆಂಗಸರಿಗೆ ಸುರಂಗದ ಒಳಗೆ ಜಾಗವಿರಲಿಲ್ಲ. ಅವರು ಹೊರಗೆ ಎಸೆದ ಕಲ್ಲುಮಣ್ಣಿನ ರಾಶಿಯನ್ನು ಜರಡಿ ಹಿಡಿದು ಉಳಿದ ಚೂರು ಹುಡುಕಬೇಕು. ಪಿಲಿ ಹುಸೇನ್ ಎಂಬಾಕೆ ಗಂಡಸಿನ ಬಟ್ಟೆ ಹಾಕಿಕೊಂಡು, 'ಅಂಕಲ್ ಹುಸೇನ್' ಅಂತ ಹೇಳಿಕೊಂಡು ಸುಮಾರು ಹತ್ತು ವರ್ಷ ಸುರಂಗಕ್ಕೆ ಇಳಿದರು. ಮುಂದೆ ಸ್ವಂತ ಗಣಿ ಮಾಡಿ ಕೆಲಸಗಾರರನ್ನು ಇಟ್ಟುಕೊಂಡರು. ಮಾಸಾಯಿ ಗಂಡಸರ ದಾರಿ ಬೇರೆ. ಅವರಲ್ಲಿ ಬಹಳ ಜನ ಗುದ್ದಲಿ ಹಿಡಿಯುವುದಕ್ಕಿಂತ ದಲ್ಲಾಳಿಗಳಾದರು. ಕೆಂಪು ಹೊದಿಕೆ ಹೊದ್ದು, ಹರಳಿನ ಪೊಟ್ಟಣ ಹಿಡಿದು ಮೆರೆರಾನಿ, ಅರೂಷಾದ ಬೀದಿಗಳಲ್ಲಿ ವ್ಯಾಪಾರ ಕುದುರಿಸುವವರು.

ಇಷ್ಟು ಓದಿದ ಮೇಲೆ ನನಗೆ ಬಂದ ಮೊದಲ ಯೋಚನೆ, ಸಹವಾಸವೇ ಬೇಡ, ತಂಗಿಗೆ ಬೇರೆ ಏನಾದರೂ ಕೊಡಿಸೋಣ ಅಂತ. ನೀವೂ ಹಾಗೇ ಅಂದುಕೊಂಡಿದ್ದರೆ 2001ರಲ್ಲಿ ಏನಾಯಿತು ನೋಡಿ.

ಸೆಪ್ಟೆಂಬರ್ 11ರ ದಾಳಿಯಾಗಿ ಎರಡು ತಿಂಗಳಿಗೆ, ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಟಾಂಜನೈಟ್ ವ್ಯಾಪಾರಕ್ಕೂ ಅಲ್ ಖೈದಾಕ್ಕೂ ನಂಟಿದೆ ಅಂತ ಬರೆಯಿತು. ಟಿಫನಿ ಸೇರಿದಂತೆ ಅಮೆರಿಕದ ದೊಡ್ಡ ದೊಡ್ಡ ಅಂಗಡಿಗಳು ಇದನ್ನು ಮಾರುವುದನ್ನೇ ನಿಲ್ಲಿಸಿದವು. ಆತ್ಮಸಾಕ್ಷಿಯ ಕಾರಣಕ್ಕೇ. ಬೆಲೆ ಬಿತ್ತು. ಆಮೇಲೆ 2002ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯೇ, ಈಗ ಭಯೋತ್ಪಾದಕರು ಈ ವ್ಯಾಪಾರದಿಂದ ದುಡ್ಡು ಮಾಡುತ್ತಿದ್ದಾರೆ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ ಅಂದಿತು. ಅರಿಜೋನಾದ ಟೂಸಾನ್ ಊರಿನಲ್ಲಿ ಸಭೆ ಸೇರಿ, ಹರಳು ಗಣಿಯಿಂದ ಹೊರಟ ದಾರಿಯುದ್ದಕ್ಕೂ ಕಾಗದಪತ್ರ ಇರಬೇಕು ಅಂತ ಒಪ್ಪಂದ ಮಾಡಿಕೊಂಡರು. ಎಲ್ಲ ಸರಿಯೇ. ಆದರೆ ನಡುವಿನ ಆ ತಿಂಗಳುಗಳು? ಟಿಫನಿ ಅಂಗಡಿಯಲ್ಲಿ ಮಾರೋಕೆ ಬೇರೆ ಹರಳು ಸಾವಿರ ಇದ್ದವು. ಹರಳು ಸಿಕ್ಕರೆ ಮಾತ್ರ ದುಡ್ಡು ಅನ್ನುವ ಲೆಕ್ಕದಲ್ಲಿ ಅಗೆಯುತ್ತಿದ್ದವನಿಗೆ ಸಿಕ್ಕ ಹರಳಿಗೂ ಗಿರಾಕಿ ಇಲ್ಲದಂತಾಯಿತು. ಅವನ ಪರವಾಗಿ, ನಮ್ಮದೇನೂ ತಪ್ಪಿಲ್ಲ ಅಂತ ನ್ಯೂಯಾರ್ಕಿಗೆ ಹೋಗಿ ಹೇಳುವವರು ಯಾರೂ ಇರಲಿಲ್ಲ.

ಹಾಗಾಗಿ ಈ ಎಲೆ ಗುರುತಿನ ಮೇಲೆ ನನ್ನ ತಕರಾರು ಏನೆಂದರೆ, ಅದು ಹರಳು ಬಂದ ದಾರಿಯ ಬಗ್ಗೆ ಮಾತ್ರ ಮಾತಾಡುತ್ತೆ. ಕಳ್ಳಸಾಗಣೆ ಇಲ್ಲ, ಭಯೋತ್ಪಾದಕರಿಲ್ಲ, ಕಾಗದ ಸರಿ ಇದೆ. ಕೊಳ್ಳುವ ನನಗೆ ನಿದ್ದೆ ಬರಬೇಕಲ್ಲ, ಅದಕ್ಕೆ ಅಷ್ಟು ಸಾಕು. ಅಗೆದವನಿಗೆ ಬೇಕಾದ್ದು ಬೇರೆ: ಗುಂಡಿ ಯಾರ ಹೆಸರಲ್ಲಿದೆ, ಪಾಲು ಎಷ್ಟು, ಬೆಲೆ ಕಟ್ಟುವವರು ಯಾರು.

ಇದು ಎಷ್ಟು ದೊಡ್ಡ ವ್ಯತ್ಯಾಸ ಅನ್ನುವುದಕ್ಕೆ ಎರಡು ಹೆಸರು ಸಾಕು. ಒಂದು, ಮೊದಲೇ ಹೇಳಿದ ಎಂಗೋಮಾ. 2018ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಮಗುಫುಲಿ ಮೆರೆರಾನಿಗೆ ಬಂದು ಎಂಗೋಮಾ ಅವರನ್ನು ಗೌರವಿಸಿ 10 ಕೋಟಿ ಶಿಲಿಂಗ್ ಕೊಟ್ಟರು. ಸುಮಾರು 44 ಸಾವಿರ ಡಾಲರ್. ಕಲ್ಲು ಕಂಡು ಐವತ್ತೊಂದು ವರ್ಷ ಆಗಿತ್ತು, ಆರೋಗ್ಯ ಕೆಟ್ಟಿತ್ತು. ಮರುವರ್ಷ ತೀರಿಕೊಂಡರು.

ಇನ್ನೊಬ್ಬರು ಸನಿನಿಯು ಲೈಜರ್. ಮಾಸಾಯಿ, ಮೂವತ್ತಕ್ಕೂ ಹೆಚ್ಚು ಮಕ್ಕಳ ತಂದೆ, ದನಕರು ಇರುವ ಮನುಷ್ಯ. 2020ರ ಜೂನ್‌ನಲ್ಲಿ ಇವರ ಗಣಿಯಲ್ಲಿ 9 ಕಿಲೋ ದಾಟಿದ ಒಂದು, 5 ಕಿಲೋ ದಾಟಿದ ಇನ್ನೊಂದು ಟಾಂಜನೈಟ್ ಸಿಕ್ಕವು. ಅಲ್ಲಿಯವರೆಗೆ ಅಷ್ಟು ದೊಡ್ಡದು ಸಿಕ್ಕಿರಲೇ ಇಲ್ಲ. ಸರ್ಕಾರವೇ 774 ಕೋಟಿ ಶಿಲಿಂಗ್ ಕೊಟ್ಟು ಕೊಂಡಿತು. ನಮ್ಮ ಲೆಕ್ಕದಲ್ಲಿ 25 ಕೋಟಿ ರೂಪಾಯಿಯ ಮೇಲೆ. ಅಧ್ಯಕ್ಷರು ಫೋನ್ ಮಾಡಿ ಅಭಿನಂದಿಸಿದ್ದು ಟಿವಿಯಲ್ಲಿ ಬಂತು. ಆಗಸ್ಟ್‌ನಲ್ಲಿ 6.3 ಕಿಲೋದ ಮೂರನೆಯದೂ ಸಿಕ್ಕಿತು. ಊರಲ್ಲಿ ಶಾಲೆ ಕಟ್ಟಿಸುತ್ತೇನೆ ಅಂದರು. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಆಗ ಆ ಫೋಟೋ ಓಡಾಡಿತ್ತು, 'ರಾತ್ರೋರಾತ್ರಿ ಕೋಟ್ಯಧಿಪತಿ' ಅಂತ. ನನಗೂ ಬಂದಿತ್ತು, ನೋಡಿ ಡಿಲೀಟ್ ಮಾಡಿದ್ದೆ.

ರಾತ್ರೋರಾತ್ರಿ ಅಂದವರು ಬಿಟ್ಟದ್ದು ಒಂದು ವಿಷಯ. ಲೈಜರ್ ಹೆಸರಿನಲ್ಲಿ ಗಣಿ ಇತ್ತು. ತಾಂಜಾನಿಯಾದಲ್ಲಿ ಸಣ್ಣ ಗಣಿಗಾರಿಕೆಯ ಲೈಸೆನ್ಸ್ ಅಲ್ಲಿನ ಪ್ರಜೆಗಳಿಗೆ ಮಾತ್ರ ಸಿಗುತ್ತದೆ. ಅಂಥ ಗಣಿಯ ಯಜಮಾನ ಆತ, ಕೈಕೆಳಗೆ ಸುಮಾರು ಇನ್ನೂರು ಜನ. ಅದೇ ಗುಂಡಿಯಲ್ಲಿ ಆ ಕಲ್ಲನ್ನು ಮೊದಲು ಮುಟ್ಟಿದ ಕೈ ಯಾರದ್ದೋ, ಆ ಹೆಸರು ಯಾವ ಸುದ್ದಿಯಲ್ಲೂ ನನಗೆ ಸಿಗಲಿಲ್ಲ.

ಮಗುಫುಲಿ 2018ರಲ್ಲಿ ಅಲ್ಲಿಗೆ ಬಂದದ್ದು ಅಸಲಿಗೆ ಗೋಡೆ ಉದ್ಘಾಟನೆಗೆ. ಗಣಿಗಳ ಸುತ್ತ 24 ಕಿಲೋಮೀಟರ್ ಗೋಡೆ, ಸೈನ್ಯವೇ ನಿಂತು ತಿಂಗಳುಗಳಲ್ಲಿ ಕಟ್ಟಿದ್ದು. ಒಳಗೆ ಹೋಗಲು ಹೊರಗೆ ಬರಲು ಒಂದೇ ಗೇಟು. ಕೀನ್ಯಾ ಕಡೆಗೆ ಕಳ್ಳದಾರಿಯಲ್ಲಿ ಹೋಗುತ್ತಿದ್ದ ಕಲ್ಲನ್ನು ತಡೆಯುವುದು ಉದ್ದೇಶ. ಮರುವರ್ಷ ಸರ್ಕಾರಿ ಖರೀದಿ ಕೇಂದ್ರಗಳೂ ಬಂದವು. ಲೈಜರ್ ತಮ್ಮ ಕಲ್ಲನ್ನು ಯಾರದ್ದೋ ಕತ್ತಲೆ ಕೋಣೆಯಲ್ಲಿ ಅರ್ಧ ಬೆಲೆಗೆ ಮಾರದೆ, ಕ್ಯಾಮೆರಾ ಮುಂದೆ ಮಾರಿದ್ದಕ್ಕೆ ಈ ವ್ಯವಸ್ಥೆಯೂ ಕಾರಣ. ಅದನ್ನು ಅಲ್ಲಗಳೆಯಲಾಗದು. ಆದರೆ ದಿನಾ ಸುರಂಗದಿಂದ ಬಂದು, ಗೇಟಿನಲ್ಲಿ ಸಾಲಿನಲ್ಲಿ ನಿಂತು ಮೈ ತಪಾಸಣೆ ಮಾಡಿಸಿಕೊಳ್ಳಬೇಕಾದವನು ಇದನ್ನು ಬೇರೆ ಥರ ನೋಡುತ್ತಾನೆ. ಗೋಡೆ ಕಲ್ಲನ್ನು ಲೆಕ್ಕ ಇಡುತ್ತದೆ, ಅವನ ಪಾಲನ್ನಲ್ಲ.

ಬೇರೆ ದಾರಿಯೇ ಇಲ್ಲವೆಂದೇನಲ್ಲ. ಅದೇ ತಾಂಜಾನಿಯಾದ ಉಂಬಾ ಕಣಿವೆಯ ಕಡೆ 'ಮೋಯೋ ಜೆಮ್ಸ್' ಅಂತ ಒಂದು ಪ್ರಯತ್ನ ನಡೆದಿದೆ. ಅಲ್ಲಿನದು ಟಾಂಜನೈಟ್ ಅಲ್ಲ, ಗಾರ್ನೆಟ್, ನೀಲ ಇಂಥವು. ಅಗೆಯುವವರಲ್ಲಿ ಹೆಂಗಸರೂ ಇದ್ದಾರೆ. ಗೊತ್ತು ಮಾಡಿದ ದಿನ ಸಂತೆಯ ಥರ ಸೇರುತ್ತಾರೆ, ಹೊರದೇಶದ ಕೊಳ್ಳುವವರು ಅವರ ಎದುರಿಗೇ ಕೂತು ಬೆಲೆ ಮಾತಾಡುತ್ತಾರೆ. ತಾವು ಅಗೆದ ಹರಳನ್ನು ಗುರುತಿಸಿ ಬೆಲೆ ಹೇಳುವುದನ್ನು ಆ ಹೆಂಗಸರಿಗೆ ಕಲಿಸಿದ್ದಾರೆ. ನನಗೆ ಬಹಳ ಹಿಡಿಸಿದ್ದು ಈ ಕಲಿಕೆ. ಕೈಯಲ್ಲಿರುವುದು ಏನು ಅಂತ ಗೊತ್ತಿಲ್ಲದವರ ಜೊತೆ ಚೌಕಾಸಿ ಮಾಡುವುದು ಯಾರಿಗಾದರೂ ಸುಲಭ.

ಪೆಂಡೆಂಟ್ ವಿಷಯಕ್ಕೆ ಬರುತ್ತೇನೆ. ಆ ಆನ್‌ಲೈನ್ ಅಂಗಡಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ. ಈ ಹರಳು ಯಾವ ಬ್ಲಾಕಿನದು? ಕಚ್ಚಾ ಕಲ್ಲನ್ನು ನಿಮ್ಮವರು ಯಾರಿಂದ ಕೊಂಡರು, ಗಣಿಗಾರರಿಂದಲೋ ದಲ್ಲಾಳಿಯಿಂದಲೋ? ಅಗೆದವರಿಗೆ ಪಾಲು ಹೇಗೆ? ಎರಡು ದಿನಕ್ಕೆ ಉತ್ತರ ಬಂತು: ನಮ್ಮ ಎಲ್ಲ ಹರಳುಗಳೂ ಎಥಿಕಲಿ ಸೋರ್ಸ್ಡ್, ನಿಮ್ಮ ಆಸಕ್ತಿಗೆ ಧನ್ಯವಾದ, ಜೊತೆಗೆ ಹತ್ತು ಪರ್ಸೆಂಟ್ ರಿಯಾಯಿತಿಯ ಕೂಪನ್.

ಚಿಕ್ಕಪೇಟೆಯ ಯಜಮಾನರಿಗೂ ಅದನ್ನೇ ಕೇಳಿದ್ದೆ. ಅವರು ನನ್ನೆದುರಿಗೇ ಜೈಪುರಕ್ಕೆ ಫೋನ್ ಹಚ್ಚಿ ಹಿಂದಿಯಲ್ಲಿ ಐದು ನಿಮಿಷ ಮಾತಾಡಿದರು. ಅರೂಷಾದ ಒಬ್ಬ ದಲ್ಲಾಳಿಯಿಂದ ಬಂದ ಮಾಲು, ಅಲ್ಲಿಂದ ಹಿಂದಕ್ಕೆ ಅವರಿಗೂ ಗೊತ್ತಿಲ್ಲವಂತೆ. "ಮೂವತ್ತು ವರ್ಷದಿಂದ ಮಾರ್ತಾ ಇದೀನಿ, ಇದನ್ನ ಕೇಳಿದ ಗಿರಾಕಿ ನೀವೇ ಮೊದಲು. ಮುಂದಿನ ಸಲ ಮಾಲು ತರಿಸುವಾಗ ಕೇಳಿ ಇಡ್ತೀನಿ" ಅಂದು ನನ್ನ ನಂಬರ್ ಬರೆದುಕೊಂಡರು. ಆಗಲೇ ಸಾಣೆಯಾಗಿ ಪೊಟ್ಟಣದಲ್ಲಿದ್ದ ಒಂದು ಹರಳನ್ನು ಅವರಲ್ಲೇ ಕೊಂಡೆ.

ತಂಗಿಗೆ ಕೊಡುವಾಗ ಇಷ್ಟನ್ನೂ ಹೇಳಿದೆ. "ಅಣ್ಣಾ, ಅಷ್ಟೆಲ್ಲ ಕೇಳಿದ್ಯಲ್ಲ, ಬಿಲ್ ಕೇಳಿದ್ಯಾ?" ಅಂದಳು. ಕೇಳಿರಲಿಲ್ಲ.